ಬೆನ್ನುಮೂಳೆಯಲ್ಲಿ ಗೌಟ್: ಕ್ಷಯ, ಕೀವು, ಗಡ್ಡೆ ಅಲ್ಲ ಅಂತ ತೀರ್ಮಾನಿಸೋದು ಹೇಗೆ?

ಪಿಜಿ_ಮೆಡಿಸಿನ್
ಚರ್ಚೆಗೆ ಒಂದು ಮಾದರಿ ಪ್ರಕರಣ ಇಡ್ತಿದ್ದೇನೆ. ಯಾರದೋ ಫೈಲ್ ಅಲ್ಲ, ಪರೀಕ್ಷೆಯಲ್ಲಿ ಕೇಳಬಹುದಾದಂಥದ್ದು.

58ರ ಗಂಡಸು. ಹಳೇ ಬಿಪಿ, ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆ ನಡೀತಿದೆ. ಕ್ರಿಯಾಟಿನಿನ್ 1.9. ಮೂರು ವಾರದಿಂದ ಸೊಂಟನೋವು, ಎಡಗಾಲಿಗೆ ಸೆಳೆತ, ಸಂಜೆ ಹೊತ್ತು 100–101 ಜ್ವರ. ಉರಿಯೂತ ತೋರಿಸೋ ಇಎಸ್‌ಆರ್ 85, ಸಿಆರ್‌ಪಿಯೂ ಚೆನ್ನಾಗಿ ಏರಿದೆ, ಯೂರಿಕ್ ಆಸಿಡ್ 6.4. ಎಂ.ಆರ್.ಐ.ನಲ್ಲಿ ಎಲ್4–ಎಲ್5ರ (ಸೊಂಟದ ನಾಲ್ಕನೇ, ಐದನೇ ಮೂಳೆ) ಎಡ ಫ್ಯಾಸೆಟ್ ಕೀಲಿನ, ಅಂದರೆ ಹಿಂಬದಿಯ ಚಿಕ್ಕ ಕೀಲಿನ ಸುತ್ತ ಗಂಟಿನಂಥದ್ದು ಇದೆ, ಎಪಿಡ್ಯೂರಲ್ ಜಾಗಕ್ಕೂ (ನರಗಳ ಹೊದಿಕೆಯ ಹೊರಗಿನ ಜಾಗ) ಚಾಚಿದೆ, ಕಾಂಟ್ರಾಸ್ಟ್ ಹಿಡಿದಿದೆ. ರಿಪೋರ್ಟ್‌ನಲ್ಲಿ "ಸೋಂಕು, ಬಹುಶಃ ಕ್ಷಯ" ಅಂತ ಬರೆದಿದ್ದಾರೆ.

ಇಂಥ ಕಡೆ ಗೌಟ್ (ಯೂರಿಕ್ ಆಸಿಡ್ ಹರಳು ಕೂತು ಬರೋ ಕೀಲಿನ ಕಾಯಿಲೆ) ಅಂತ ಯಾವಾಗ ಅನುಮಾನ ಪಡಬೇಕು? ಯೂರಿಕ್ ಆಸಿಡ್ ಲ್ಯಾಬ್‌ನ 7ರ ಮಿತಿಯೊಳಗೇ ಇದೆಯಲ್ಲ, ಗೌಟ್ ಬಿಟ್ಟುಬಿಡಬಹುದಾ?

ಕೀಲುರೋಗ_ತಜ್ಞೆ
ಬಿಡೋ ಹಾಗಿಲ್ಲ. ಗೌಟ್ ಏರಿದ ಹೊತ್ತಿನಲ್ಲಿ ಮೂತ್ರದಲ್ಲಿ ಯೂರಿಕ್ ಆಸಿಡ್ ಹೆಚ್ಚು ಹೋಗಿ ರಕ್ತದ ಅಂಕಿ ಇಳಿದಿರಬಹುದು. ನೋವು ತಗ್ಗಿ ಎರಡರಿಂದ ನಾಲ್ಕು ವಾರ ಆದ ಮೇಲೆ ಇನ್ನೊಮ್ಮೆ ನೋಡಬೇಕು. ಇನ್ನೊಂದು, ಲ್ಯಾಬ್ ಹಾಳೆಯ 7 ಅನ್ನೋದು ಜನಸಂಖ್ಯೆಯ ಸರಾಸರಿಯಿಂದ ಬಂದ ಗೆರೆ. ಹರಳು ಕಟ್ಟೋ ಮಟ್ಟ 37 ಡಿಗ್ರಿಯಲ್ಲಿ ಸುಮಾರು 6.8 ಮಿ.ಗ್ರಾಂ. ಜ್ವರ, ಸಿಆರ್‌ಪಿ ಇರೋವಾಗ 6.4 ಬಂದರೆ ಅದರಿಂದ ಏನೂ ಹೇಳಲಾಗದು.

ಮಾತ್ರೆಗಳ ಪಟ್ಟಿಯನ್ನೂ ಜೊತೆಗಿಟ್ಟು ಓದಿ. ಥಯಾಜೈಡ್, ಫ್ಯೂರೋಸೆಮೈಡ್, ಕಡಿಮೆ ಡೋಸ್ ಆಸ್ಪಿರಿನ್, ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಯೂರಿಕ್ ಆಸಿಡ್ ಏರಿಸುತ್ತವೆ. ಲೋಸಾರ್ಟಾನ್, ಫೆನೋಫೈಬ್ರೇಟ್, ಸಕ್ಕರೆ ಕಾಯಿಲೆಯ ಗ್ಲಿಫ್ಲೋಜಿನ್ ಗುಂಪಿನವು ಇಳಿಸುತ್ತವೆ. ಎರಡೂ ಕಡೆಯವು ಒಟ್ಟಿಗೆ ನಡೀತಿದ್ದರೆ ಅಂಕಿಯಿಂದ ದಿಕ್ಕೇ ತಿಳಿಯಲ್ಲ.

ಬೆನ್ನು ಬಿಟ್ಟು ಮೊದಲು ಪಾದ ನೋಡಿ. ಸಾಕ್ಸ್ ಬಿಚ್ಚಿಸಿ, ಹೆಬ್ಬೆರಳ ಬುಡ, ಪಾದದ ನಡುಭಾಗ, ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು, ಮೊಣಕೈ ಹಿಂದಿನ ಚೀಲ, ಕಿವಿಯ ಅಂಚು, ಬೆರಳ ಗೆಣ್ಣು, ಎಲ್ಲಾ ಮುಟ್ಟಿ ನೋಡಿ. "ರಾತ್ರೋರಾತ್ರಿ ಹೆಬ್ಬೆರಳು ಊದಿ, ಹೊದಿಕೆ ತಾಗಿದರೂ ತಡೆಯೋಕೆ ಆಗದೆ, ಒಂದೆರಡು ವಾರದಲ್ಲಿ ತಾನಾಗಿ ಇಳಿದಿತ್ತಾ?" ಅಂತ ಬಿಡಿಸಿ ಕೇಳಿ. "ಗೌಟ್ ಇದೆಯಾ" ಅಂದರೆ ಇಲ್ಲ ಅಂತಾರೆ. "ಉಳುಕಿತ್ತು" ಅಂತ ಬೇರೆ ಲೆಕ್ಕಕ್ಕೆ ಹಾಕಿಕೊಂಡಿರ್ತಾರೆ.

ಎರಡು ಕೈ, ಎರಡು ಪಾದದ ಎಕ್ಸ್‌ರೇ ತೆಗೆಸಿ. ಅಗ್ಗದ ಪರೀಕ್ಷೆ, ಆದರೆ ಇಲ್ಲಿ ತೂಕ ಜಾಸ್ತಿ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗೌಟ್ ಇದ್ದ 48 ಜನರಿಗೆ ಬೆನ್ನಿನ ಸಿ.ಟಿ. ಮಾಡಿದಾಗ 17 ಜನರಲ್ಲಿ, ಅಂದರೆ 35%, ಬೆನ್ನಿನಲ್ಲಿ ಗೌಟ್‌ನ ಗುರುತು ಸಿಕ್ಕಿತು. ಬಹುಪಾಲು ಸೊಂಟದ ಭಾಗದಲ್ಲೇ. ಬೆನ್ನುನೋವು ಇದೆಯೋ ಇಲ್ಲವೋ ಅನ್ನೋದಕ್ಕಾಗಲಿ, ಯೂರಿಕ್ ಆಸಿಡ್ ಅಂಕಿಗಾಗಲಿ ಅದಕ್ಕೆ ಸಂಬಂಧ ಕಾಣಲಿಲ್ಲ. ಹೊಂದಿಕೊಂಡದ್ದು ಕೈಕಾಲಿನ ಎಕ್ಸ್‌ರೇ. ಬೆನ್ನಿನಲ್ಲಿ ಟೋಫಸ್ (ಯೂರಿಕ್ ಆಸಿಡ್ ಹರಳಿನ ಗಂಟು) ಇದ್ದವರೆಲ್ಲರ ಕೈ ಅಥವಾ ಪಾದದ ಎಕ್ಸ್‌ರೇ ಕೆಟ್ಟಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಪಾದ ಪೂರಾ ಚೊಕ್ಕಟ ಇದ್ದು ಬೆನ್ನಿನಲ್ಲಿ ಮಾತ್ರ ದೊಡ್ಡ ಟೋಫಸ್ ಅಂದರೆ ನನಗೆ ಅನುಮಾನ. ಅಂಥವೂ ವರದಿಯಾಗಿವೆ, ಅಪರೂಪಕ್ಕೆ.

ಸ್ಕ್ಯಾನ್_ಕೋಣೆ
ರೇಡಿಯಾಲಜಿ ಕಡೆಯಿಂದ. ಎಂ.ಆರ್.ಐ. ಬರೆದವರ ತಪ್ಪು ಅಂತ ಹೇಳಲ್ಲ, ಎಂ.ಆರ್.ಐ.ಗೆ ಗೌಟ್‌ನ ಸ್ವಂತ ಚಹರೆ ಅಂತ ಇಲ್ಲ. ಟೋಫಸ್ ಟಿ1ರಲ್ಲಿ ಕಪ್ಪು ಅಥವಾ ನಡುಬಣ್ಣ. ಟಿ2ರಲ್ಲಿ ಹೇಗೆ ಬೇಕಾದರೂ ಕಾಣಬಹುದು, ಹೆಚ್ಚಾಗಿ ಕಪ್ಪಿನಿಂದ ನಡುಬಣ್ಣ. ಕಾಂಟ್ರಾಸ್ಟ್ ಕೊಟ್ಟರೆ ಪೂರ್ತಿಯೋ ಅಂಚಿನಲ್ಲೋ ಹಿಡಿಯುತ್ತದೆ. ಕೀವಾದರೆ ಟಿ2ರಲ್ಲಿ ಬೆಳ್ಳಗೆ, ಅಂಚು ಹೊಳೆಯುತ್ತದೆ, ಡಿಫ್ಯೂಷನ್ ಚಿತ್ರದಲ್ಲೂ ಬೆಳ್ಳಗೆ ಕಾಣುತ್ತದೆ. ಇವೆಲ್ಲ ಒಲವುಗಳು ಅಷ್ಟೇ, ನಿಯಮ ಅಲ್ಲ.

ನಾನು ಹೆಚ್ಚು ನಂಬೋದು ಜಾಗವನ್ನು. ಕ್ಷಯ ಸಾಮಾನ್ಯವಾಗಿ ಮುಂದಿನ ಭಾಗದ ಕಾಯಿಲೆ: ಡಿಸ್ಕ್‌ಗೆ ತಾಗಿದ ವರ್ಟಿಬ್ರಾದ ಅಂಚು, ಎದೆ ಭಾಗ ಮತ್ತು ಎದೆ–ಸೊಂಟ ಸೇರುವ ಕಡೆ, ಜೊತೆಗೆ ಸೋವಾಸ್ ಸ್ನಾಯುವಿನೊಳಗೆ ತೆಳು ಗೋಡೆಯ ದೊಡ್ಡ ಕೀವಿನ ಚೀಲ. ಗೌಟ್‌ಗೆ ಹಿಂಭಾಗ ಇಷ್ಟ: ಫ್ಯಾಸೆಟ್ ಕೀಲು, ಲ್ಯಾಮಿನಾ (ಹಿಂಬದಿಯ ಮೂಳೆ ತಟ್ಟೆ), ಲಿಗಮೆಂಟಮ್ ಫ್ಲೇವಮ್ (ಆ ತಟ್ಟೆಗಳನ್ನು ಕಟ್ಟುವ ಪಟ್ಟಿ). ಡಿಸ್ಕ್‌ಗೂ ಸೇಕ್ರೋಇಲಿಯಾಕ್ ಕೀಲಿಗೂ (ಬೆನ್ನುಮೂಳೆ ಸೊಂಟದ ಎಲುಬಿಗೆ ಸೇರೋ ಕಡೆ) ಬರಬಹುದು. ಈ ಪ್ರಕರಣದಲ್ಲಿ ಡಿಸ್ಕ್ ಚೆನ್ನಾಗಿದ್ದು ಫ್ಯಾಸೆಟ್ ಮಾತ್ರ ಕೆಟ್ಟಿದ್ದರೆ ಕ್ಷಯವನ್ನು ಮೊದಲ ಸ್ಥಾನದಿಂದ ಇಳಿಸ್ತೀನಿ. ಆದರೆ ಬ್ಯಾಕ್ಟೀರಿಯಾದಿಂದ ಫ್ಯಾಸೆಟ್ ಕೀಲು ಕೀವಾಗೋದೂ ಇದೆ, ಅದು ಗೌಟ್‌ನ ಪಕ್ಕದಲ್ಲೇ ಕೂರುತ್ತದೆ.

ಮುಂದಿನ ಹೆಜ್ಜೆ ತೆಳು ಪದರದ ಸಾದಾ ಸಿ.ಟಿ., 1 ಮಿ.ಮೀ. ಸ್ಲೈಸ್, ಬೋನ್ ಕರ್ನಲ್. ಗೌಟ್ ಕೊರೆದ ಮೂಳೆಯ ಅಂಚು ಗಟ್ಟಿ ಬಿಳಿ ಗೆರೆಯಿಂದ ಸ್ಪಷ್ಟವಾಗಿ ಮುಗಿಯುತ್ತದೆ, ಕೆಲವೊಮ್ಮೆ ಅಂಚು ಹೊರಕ್ಕೆ ಚಾಚಿರುತ್ತದೆ. ಸೋಂಕಿನಲ್ಲಿ ಅಂಚು ಕರಗಿದಂತೆ, ಗೆರೆ ಕಾಣದಂತೆ. ಟೋಫಸ್‌ನ ಸಾಂದ್ರತೆ 160–170 ಹೌನ್ಸ್‌ಫೀಲ್ಡ್ (ಸಿ.ಟಿ.ಯ ಸಾಂದ್ರತೆ ಅಳತೆ) ಆಸುಪಾಸು, ಪಕ್ಕದ ಸ್ನಾಯುವಿಗಿಂತ ಬಿಳಿ, ಮೂಳೆಗಿಂತ ಮಬ್ಬು. ಕೀವು ಅಷ್ಟು ಸಾಂದ್ರ ಇರಲ್ಲ. ಕೀಲಿಗೆ ಕೂರೋ ಇನ್ನೊಂದು ಹರಳು ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಆದರೆ ಇನ್ನೂ ಬಿಳಿ. ಕತ್ತಿನ ಮೇಲ್ತುದಿಯಲ್ಲಿ ಓಡಾಂಟಾಯ್ಡ್ (ಎರಡನೇ ಮೂಳೆಯ ಹಲ್ಲಿನಂಥ ಚಾಚು) ಸುತ್ತ ಕಿರೀಟದಂತೆ ಕೂತಿದ್ದರೆ ಮೊದಲು ಅದನ್ನೇ ಯೋಚಿಸಿ.

ಪಿಜಿ_ಮೆಡಿಸಿನ್
ಡ್ಯುಯಲ್ ಎನರ್ಜಿ ಸಿ.ಟಿ. ಸಿಗುತ್ತೆ ಅಂದ್ಕೊಳ್ಳೋಣ ಸರ್. ಫ್ಯಾಸೆಟ್‌ನಲ್ಲಿ ಹಸಿರು ಬಂತು. ಅಲ್ಲಿಗೆ ಕೆಲಸ ಮುಗೀತಾ?

ಸ್ಕ್ಯಾನ್_ಕೋಣೆ
ಬಹುಪಾಲು ಮುಗಿಯುತ್ತದೆ, ಸರಿಯಾಗಿ ಮಾಡಿದ್ದರೆ. ಒಂದೇ ಜಾಗವನ್ನು ಎರಡು ಶಕ್ತಿಯಲ್ಲಿ, ಸಾಮಾನ್ಯವಾಗಿ 80 ಮತ್ತು 140 ಕಿಲೋವೋಲ್ಟ್‌ನಲ್ಲಿ ತೆಗೆಯುತ್ತಾರೆ. ಕ್ಯಾಲ್ಸಿಯಂನ ಸಾಂದ್ರತೆ ಎರಡರ ನಡುವೆ ಬಹಳ ಬದಲಾಗುತ್ತದೆ, ಯೂರೇಟ್‌ದು, ಅಂದರೆ ಯೂರಿಕ್ ಆಸಿಡ್ ಹರಳಿನದು, ಅಷ್ಟು ಬದಲಾಗಲ್ಲ. ಸಾಫ್ಟ್‌ವೇರ್ ಆ ವ್ಯತ್ಯಾಸ ನೋಡಿ ಯೂರೇಟ್‌ಗೆ ಹಸಿರು, ಮೂಳೆಯ ಹೊರಪದರಕ್ಕೆ ನೀಲಿ ಬಳೀತದೆ.

ಕೋರಿಕೆ ಚೀಟಿಯಲ್ಲಿ ಇಷ್ಟು ಬರೆಯಿರಿ: ಕಾಂಟ್ರಾಸ್ಟ್ ಬೇಡ (ಅಯೋಡಿನ್ ಬಂದರೆ ಲೆಕ್ಕ ಕೆಡುತ್ತದೆ), ಎಲ್1ರಿಂದ ಸೇಕ್ರೋಇಲಿಯಾಕ್ ಕೀಲು ಪೂರ್ತಿ, ಅದೇ ಸರದಿಯಲ್ಲಿ ಎರಡೂ ಪಾದ. ಪಾದಕ್ಕೆ ಬೀಳೋ ವಿಕಿರಣ ತೀರಾ ಕಡಿಮೆ, ಅಲ್ಲಿ ಸಿಗೋ ಉತ್ತರ ಬೆನ್ನಿಗಿಂತ ನಂಬಿಕಸ್ಥ.

ಯಾಕೆ ನಂಬಿಕಸ್ಥ ಅಂದರೆ, ಈ ತಂತ್ರ ಪಳಗಿದ್ದು ಪಾದ, ಮಂಡಿಯಂಥ ತೆಳು ಜಾಗದಲ್ಲಿ. ಸೊಂಟ ದಪ್ಪ. ಹೊಟ್ಟೆ ಇರುವವರಲ್ಲಿ 80 ಕಿಲೋವೋಲ್ಟ್ ಚಿತ್ರ ಕಾಳುಕಾಳಾಗಿ ಬರುತ್ತದೆ, ಆ ಗದ್ದಲದಲ್ಲಿ ಸುಳ್ಳು ಹಸಿರು ಹುಟ್ಟುತ್ತದೆ. ಡಿಸ್ಕ್ ನಡುವಿನ ಚುಕ್ಕೆ, ಸ್ಕ್ರೂ ಪಕ್ಕದ ಪಟ್ಟಿ, ಅಲುಗಾಡಿದ ಕಡೆಯ ಅಂಚು, ಇವನ್ನು ಲೆಕ್ಕಕ್ಕೆ ಇಡಬೇಡಿ. ಹಸಿರು ಇರೋ ಕಡೆಯೇ ಸಾದಾ ಸಿ.ಟಿ.ಯಲ್ಲಿ ಕೊರೆತ ಅಥವಾ ಗಂಟು ಕಂಡರೆ ಮಾತ್ರ ಬರೆದುಕೊಳ್ಳಿ.

ಹಸಿರು ಬಾರದಿದ್ದರೂ ಗೌಟ್ ಇಲ್ಲ ಅಂತ ಅಲ್ಲ. ಕಾಯಿಲೆ ಹೊಸದಾಗಿದ್ದರೆ, ಹರಳು ದಟ್ಟವಾಗಿಲ್ಲದಿದ್ದರೆ, ಯೂರಿಕ್ ಆಸಿಡ್ ಇಳಿಸೋ ಅಲೋಪ್ಯೂರಿನಾಲ್ ಬಹಳ ದಿನದಿಂದ ನಡೀತಿದ್ದರೆ ಬರಲ್ಲ. ಕೆಲವು ಸಾಫ್ಟ್‌ವೇರ್‌ಗಳು 150 ಹೌನ್ಸ್‌ಫೀಲ್ಡ್‌ಗಿಂತ ಕೆಳಗಿನದನ್ನು ಮೊದಲೇ ತಳ್ಳಿಹಾಕುತ್ತವೆ. ಆ ಗೆರೆ ಇಳಿಸಿದರೆ ಹೆಚ್ಚು ಸಿಗುತ್ತದೆ, ಸುಳ್ಳೂ ಹೆಚ್ಚುತ್ತದೆ.

ಕೀಲುರೋಗ_ತಜ್ಞೆ
"ಬಹುಪಾಲು ಮುಗಿಯುತ್ತದೆ" ಅನ್ನೋದಕ್ಕೆ ನನ್ನ ತಕರಾರಿದೆ. ಜ್ವರ ಇಲ್ಲ, ಪಾದದಲ್ಲಿ ಹರಳು ಸಾಬೀತಾಗಿದೆ, ಫ್ಯಾಸೆಟ್‌ನಲ್ಲಿ ಕೊರೆತ ಮತ್ತು ಹಸಿರು ಒಂದೇ ಕಡೆ ಇವೆ, ನರದ ತೊಂದರೆ ಇಲ್ಲ. ಆಗ ಒಪ್ತೀನಿ, ಸೂಜಿ ಬೇಡ. ಆದರೆ ಈ ಮಾದರಿಯಲ್ಲಿ ಜ್ವರ ಇದೆ, ಎಪಿಡ್ಯೂರಲ್ ಜಾಗಕ್ಕೆ ಚಾಚಿದೆ. ಯೂರೇಟ್ ಇದೆ ಅಂತ ತೋರಿಸಿದರೆ ಸೋಂಕು ಇಲ್ಲ ಅಂತ ತೋರಿಸಿದ ಹಾಗೆ ಆಗಲ್ಲ. ಗೌಟ್ ಇರೋ ಕೀಲಿಗೇ ಸ್ಟ್ಯಾಫ್ ಬ್ಯಾಕ್ಟೀರಿಯಾ ಬಂದು ಕೂರೋದುಂಟು. ಕಿಡ್ನಿ ಕೆಟ್ಟವರಲ್ಲಿ, ಡಯಾಲಿಸಿಸ್‌ನವರಲ್ಲಿ ಎರಡೂ ಒಟ್ಟಿಗೆ ಇರಬಹುದು.

ಅಮೆರಿಕ, ಯುರೋಪಿನ ಕೀಲುರೋಗ ಸಂಘಗಳ 2015ರ ಗೌಟ್ ಅಂಕಪಟ್ಟಿಯನ್ನೂ (ಎಸಿಆರ್–ಯುಲಾರ್) ಕೆಲವರು ಇಲ್ಲಿ ಎಳೆದು ತರ್ತಾರೆ. ಅದರ ಬಾಗಿಲೇ ಕೈಕಾಲಿನ ಕೀಲು ಅಥವಾ ಬರ್ಸಾ (ಕೀಲಿನ ಪಕ್ಕದ ದ್ರವದ ಚೀಲ) ಒಮ್ಮೆಯಾದರೂ ಊದಿರಬೇಕು ಇಲ್ಲವೇ ನೊಂದಿರಬೇಕು ಅನ್ನೋದು. ಬೆನ್ನು ಅದರಲ್ಲಿ ಇಲ್ಲ. 23ಕ್ಕೆ 8 ಅಂಕ ಬಂದರೆ ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದು. ಎಲ್4–ಎಲ್5ರಲ್ಲಿ ಇರೋದು ಏನು ಅಂತ ಅದು ಹೇಳಲ್ಲ.

ಸ್ಕ್ಯಾನ್_ಕೋಣೆ
ಜ್ವರ ಇದ್ದರೆ ಸೂಜಿ. ಒಪ್ಪಿದೆ ಮೇಡಂ.

ಬೆನ್ನು_ಸರ್ಜನ್
ಎಲ್ಲಕ್ಕಿಂತ ಮೊದಲು ಒಂದು ಮಾತು. ಕಾಲು ಹೊಸದಾಗಿ ಸೋಲುತ್ತಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ, ಮೂತ್ರ ಕಟ್ಟಿದ್ದರೆ, ಮೂತ್ರ ಮಾಡಿದ ಮೇಲೂ ಸ್ಕ್ಯಾನ್‌ನಲ್ಲಿ 200 ಮಿ.ಲೀ.ಗಿಂತ ಹೆಚ್ಚು ಉಳಿದಿದ್ದರೆ ಡ್ಯುಯಲ್ ಎನರ್ಜಿಗೆ ದಿನ ಕಾಯಬೇಡಿ. ಅದು ಆಪರೇಷನ್ ಥಿಯೇಟರ್ ವಿಷಯ, ರೋಗನಿರ್ಣಯವೂ ಅಲ್ಲೇ ಆಗುತ್ತದೆ. ತೆರೆದಾಗ ಸುಣ್ಣದ ಮುದ್ದೆಯಂಥ ಬಿಳಿ ಪದಾರ್ಥ ಸಿಕ್ಕರೆ ಸಕ್ಷನ್‌ನಲ್ಲಿ ಎಳೆದು ಬಿಸಾಡಬೇಡಿ, ತೊಳೆಯೋಕೆ ಮುಂಚೆ ಬಾಟಲಿಗೆ ತೆಗೆದಿಡಿ.

ಅಂಥ ತುರ್ತು ಇಲ್ಲದಿದ್ದರೆ ಸಿ.ಟಿ. ಮಾರ್ಗದರ್ಶನದಲ್ಲಿ ಸೂಜಿ. ಪ್ಲೇಟ್‌ಲೆಟ್ 50,000 ದಾಟಿರಲಿ, ರಕ್ತ ಹೆಪ್ಪುಗಟ್ಟೋದರ ಅಳತೆ ಐಎನ್‌ಆರ್ 1.5ರೊಳಗೆ ಇರಲಿ, ರಕ್ತ ತೆಳುವಾಗಿಸೋ ಮಾತ್ರೆ ನಿಲ್ಲಿಸೋದನ್ನ ಹೃದಯದವರ ಜೊತೆ ಮಾತಾಡಿ. ರಕ್ತದ ಕಲ್ಚರ್ ಎರಡು ಜೊತೆ ಮೊದಲೇ ಹೋಗಲಿ. ಸೆಪ್ಸಿಸ್ ಇಲ್ಲ, ನರ ಸುರಕ್ಷಿತ ಅಂದರೆ ಸ್ಯಾಂಪಲ್ ಸಿಗೋವರೆಗೆ ಆಂಟಿಬಯಾಟಿಕ್ ತಡೆಹಿಡಿಯಿರಿ. ಎರಡು ಡೋಸ್ ಹಾಕಿ ಆಮೇಲೆ ಕಲ್ಚರ್ ಕಳಿಸಿದರೆ "ಬೆಳವಣಿಗೆ ಇಲ್ಲ" ಅಂತ ಬರುತ್ತೆ, ಆ ಹಾಳೆ ಯಾರಿಗೂ ಉಪಯೋಗ ಇಲ್ಲ.

ರೋಗಿ ಬೋರಲು ಮಲಗಿ, ಹಿಂಬದಿಯಿಂದ ಫ್ಯಾಸೆಟ್‌ಗೆ. ಮೆದು ಗಂಟಾದರೆ 18 ಗೇಜ್ ಕೋರ್ ಸೂಜಿ, ಮೂಳೆ ದಾಟಬೇಕಾದರೆ 11 ಅಥವಾ 13. ಫ್ಯಾಸೆಟ್ ಕೀಲಿನೊಳಗೆ ಹಿಡಿಯೋದೇ 1–2 ಮಿ.ಲೀ., ಹಾಗಾಗಿ ದ್ರವ ಬರದೇ ಇರೋದೇ ಹೆಚ್ಚು. ಒಣ ಸೂಜಿ ಅಂತ ಎಸೆಯಬೇಡಿ. ಸೂಜಿಯೊಳಗೆ ಸಿಕ್ಕಿಕೊಂಡ ಒಂದು ತೊಟ್ಟನ್ನು ಗಾಳಿ ತುಂಬಿದ ಸಿರಿಂಜಿನಿಂದ ಗಾಜಿನ ಮೇಲೆ ಊದಿ. ಹರಳು ನೋಡೋಕೆ ಅಷ್ಟು ಸಾಕು.

ಸ್ಲೈಡ್_ಕಲಬುರಗಿ
ಸರ್ಜನ್ ಸಾಹೇಬ್ರು ಬಾಟಲಿ ಅಂದ್ರು, ಯಾವ ಬಾಟಲಿ ಅನ್ನೋದೇ ಇಲ್ಲಿ ಮುಖ್ಯ ಅದರಿ. ಥಿಯೇಟರ್‌ನಾಗ ಸಿಸ್ಟರ್ ಕೈಗೆ ಸಿಗೋದು ಫಾರ್ಮಲಿನ್ ಡಬ್ಬಿ ಒಂದೇ. ಅದರಾಗ ನೀರು ಇರ್ತದ, ಯೂರೇಟ್ ಹರಳು ಕರಗಿ ಹೋಗ್ತಾವ. ಉಳಿದದ್ದು ಬಣ್ಣ ಹಾಕೋ ಹೊತ್ತಿಗೆ ನೀರಿನ ದ್ರಾವಣದಾಗ ಹೋಗ್ತಾವ. ಆಮ್ಯಾಲೆ ಮೈಕ್ರೋಸ್ಕೋಪ್ ಕೆಳಗ ಏನು ಕಾಣ್ತದ? ನಡುವ ಗುಲಾಬಿ ಬಣ್ಣದ ಜೀವಕೋಶ ಇಲ್ಲದ ಪದಾರ್ಥ, ಸುತ್ತ ಹಿಸ್ಟಿಯೋಸೈಟು (ಕಸ ನುಂಗೋ ಕೋಶ), ದೈತ್ಯ ಕೋಶ. ಗಡಿಬಿಡಿಯಾಗ ಓದಿದ್ರ "ಗ್ರಾನುಲೋಮಾ, ಕ್ಷಯಕ್ಕ ಹೊಂದ್ತದ" ಅಂತ ರಿಪೋರ್ಟ್ ಹೋಗ್ತದ. ಎಂ.ಆರ್.ಐ.ನೂ ಕ್ಷಯ ಅಂದದ, ಪ್ಯಾಥಾಲಜಿನೂ ಕ್ಷಯ ಅಂತು, ಇನ್ನ ಯಾರು ತಿದ್ದಬೇಕ್ರಿ?

ಹಿಂಗ ಹಂಚ್ರಿ:

ಮೊದಲ ತುಣುಕು ಗಾಜಿನ ಪಟ್ಟಿ ಮ್ಯಾಲೆ ಒತ್ತಿ ಎರಡು–ಮೂರು ಸ್ಲೈಡ್, ಗಾಳಿಗೆ ಒಣಗಿಸ್ರಿ, ಬಣ್ಣ ಹಾಕಬ್ಯಾಡ್ರಿ. ದ್ರವ ಇದ್ರ ಒಂದು ಹನಿ, ಮ್ಯಾಲೆ ಕವರ್ ಸ್ಲಿಪ್, ಆವತ್ತೇ ನೋಡ್ಬೇಕು.
ಎರಡನೇದು ಶುದ್ಧ ಎಥನಾಲ್‌ನಾಗ, ತುಣುಕಿನ ಹತ್ತು ಪಟ್ಟು. ಡ್ರೆಸಿಂಗ್ ಟ್ರೇದಾಗಿನ ಸ್ಪಿರಿಟ್ ಬ್ಯಾಡ, ಅದರಾಗೂ ನೀರು ಇರ್ತದ.
ಮೂರನೇದು ಸ್ಟೆರೈಲ್ ಡಬ್ಬಿ, ಒಣಗಬಾರದು ಅಂತ ಸ್ವಲ್ಪೇ ಸಲೈನ್: ಕಲ್ಚರ್, ಕ್ಷಯಕ್ಕ ಎಎಫ್‌ಬಿ (ಬಣ್ಣ ಹಾಕಿ ನೋಡೋದು) ಮತ್ತ ಸಿಬಿನಾಟ್ (ಜೀನ್ ಪರೀಕ್ಷೆ), ಫಂಗಸ್. ಇದಕ್ಕ ಫಾರ್ಮಲಿನ್ ತಾಗಿದ್ರ ಮುಗೀತು.
ನಾಲ್ಕನೇದು ಫಾರ್ಮಲಿನ್. ಮೆಟಾಸ್ಟಾಸಿಸ್ (ಬ್ಯಾರೆ ಕಡೆಯಿಂದ ಹರಡಿದ ಕ್ಯಾನ್ಸರ್), ಮೈಲೋಮಾ (ಮಜ್ಜೆಯ ಕ್ಯಾನ್ಸರ್) ನೋಡ್ಲಿಕ್ಕೆ ಅದೂ ಬೇಕೇ ಬೇಕು.

ಸಿಕ್ಕಿದ್ದು ಒಂದೇ ಚೂರಾದ್ರ? ಒತ್ತಿ ಸ್ಲೈಡ್ ತಗೊಂಡು ಅದೇ ಚೂರು ಸ್ಟೆರೈಲ್ ಡಬ್ಬಿಗೆ ಹಾಕ್ರಿ. ಹರಳಿಗೆ ಸ್ಲೈಡ್ ಸಾಕು, ಜಂತುವಿಗೆ ಚೂರು ಬೇಕು.

ಕೋರಿಕೆ ಚೀಟಿ ಮ್ಯಾಲೆ "ಗೌಟ್ ಅನುಮಾನ, ಬಣ್ಣ ಹಾಕದ ಸೆಕ್ಷನ್ ಪೋಲರೈಸ್ ಮಾಡಿ" ಅಂತ ಬರೀರಿ. ಬರೀಲಿಲ್ಲಂದ್ರ ಯಾರೂ ಮಾಡೂದಿಲ್ಲ.

ಪಿಜಿ_ಮೆಡಿಸಿನ್
ಪೋಲರೈಸಿಂಗ್ ಮೈಕ್ರೋಸ್ಕೋಪ್ ಎಲ್ಲಾ ಜಿಲ್ಲಾ ಲ್ಯಾಬ್‌ನಲ್ಲೂ ಇರಲ್ಲ ಸರ್. ಆಗ?

ಸ್ಲೈಡ್_ಕಲಬುರಗಿ
ಎರಡು ಪೋಲರೈಸರ್ ಹಾಳೆ ಸಾಕ್ರಿ. ಒಂದು ದೀಪದ ಮ್ಯಾಲೆ, ಇನ್ನೊಂದು ಸ್ಲೈಡಿಗೂ ಕಣ್ಣಿಗೂ ನಡುವ. ಒಂದನ್ನ ತಿರುಗಿಸ್ತಾ ಹೋಗ್ರಿ, ಹಿನ್ನೆಲೆ ಪೂರ್ತಿ ಕತ್ತಲಾದಾಗ ನಿಲ್ಲಿಸ್ರಿ. ಆ ಕತ್ತಲಿನಾಗ ಎರಡೂ ತುದಿ ಚೂಪಿದ್ದ ಸೂಜಿಗಳು ಝಗ್ ಅಂತ ಹೊಳದ್ರ ಯೂರೇಟ್ ಅನುಮಾನ ಗಟ್ಟಿ ಆಗ್ತದ. ಪೈರೋಫಾಸ್ಫೇಟ್ ಮಬ್ಬಾಗಿ ಹೊಳೀತದ, ಆಕಾರ ಓರೆ ಚೌಕ.

ಬಣ್ಣದ ಗುರುತು ಬೇಕಂದ್ರ ಕೆಂಪು ಕಾಂಪೆನ್ಸೇಟರ್ ಬೇಕು. ಅದರ ಅಕ್ಷಕ್ಕ ಸಮಾನಾಂತರ ಇದ್ದಾಗ ಯೂರೇಟ್ ಹಳದಿ, ಅಡ್ಡ ಇದ್ದಾಗ ನೀಲಿ. ಪೈರೋಫಾಸ್ಫೇಟ್ ಇದಕ್ಕ ಉಲ್ಟಾ. ಕಾಂಪೆನ್ಸೇಟರ್ ಇಲ್ಲದ ಕಡೆ ಖಾಲಿ ಸ್ಲೈಡಿಗೆ ಪಾರದರ್ಶಕ ಸೆಲ್ಲೋಟೇಪ್ ಎರಡು ಪದರ ಅಂಟಿಸಿ ಕೆಳಗಿನ ಪೋಲರೈಸರ್ ಮ್ಯಾಲೆ ಓರೆಯಾಗಿ ಇಡೋ ಹಳೇ ಉಪಾಯ ಅದ. ಮೊದಲು ಗೊತ್ತಿದ್ದ ಟೋಫಸ್ ಸ್ಲೈಡ್ ಇಟ್ಟು ಯಾವ ದಿಕ್ಕಿಗೆ ಹಳದಿ ಬರ್ತದ ಅಂತ ಗುರುತು ಮಾಡ್ಕೋಬೇಕು, ಇಲ್ಲಂದ್ರ ಎಲ್ಲಾ ತಿರುವು ಮುರುವು ಆಗ್ತದ.

ಮೋಸ ಮಾಡೋವು ಕೆಲವು ಅವ. ಗ್ಲೌಸಿನ ಪಿಷ್ಟದ ಪುಡಿ: ಶಿಲುಬೆ ಆಕಾರಕ್ಕ ಹೊಳೀತದ. ಲಿಥಿಯಂ ಹೆಪಾರಿನ್, ಆಕ್ಸಲೇಟ್, ಇಡಿಟಿಎ ಪುಡಿ ಇದ್ದ ಟ್ಯೂಬ್: ತಾವೇ ಹರಳು ಕೊಡ್ತಾವ, ಟ್ಯೂಬ್ ಬೇಕೇ ಬೇಕಂದ್ರ ಸೋಡಿಯಂ ಹೆಪಾರಿನ್ ತಗೋರಿ. ಎಲ್ಲಕ್ಕಿಂತ ಕೆಟ್ಟದ್ದು, ಅದೇ ಫ್ಯಾಸೆಟ್‌ಗೆ ಹಿಂದ ಕೊಟ್ಟ ಟ್ರಯಾಮ್ಸಿನೊಲೋನ್ ಇಂಜೆಕ್ಷನ್. ಸ್ಟೀರಾಯ್ಡ್ ಹರಳು ಬಹಳ ಹೊಳೀತಾವ. ಬ್ಲಾಕ್ ಇಂಜೆಕ್ಷನ್ ಆಗಿದ್ರ ಚೀಟಿ ಮ್ಯಾಲೆ ತಿಳಿಸ್ರಿ.

ಸೂಕ್ಷ್ಮಾಣು_ಬೆಂಚ್
ಮೂರನೇ ಡಬ್ಬಿ ನಮ್ಮ ಕಡೆ ಬರುತ್ತಲ್ಲ, ಅದರ ಬಗ್ಗೆ. ಸಿಬಿನಾಟ್ ಯಂತ್ರಕ್ಕೆ ಹಾಕಿದ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ಜಂತು ಇದೆಯಾ, ರಿಫಾಂಪಿಸಿನ್‌ಗೆ ಬಗ್ಗುತ್ತಾ ಹೇಳುತ್ತೆ. ಬೆನ್ನಿನ ಸ್ಯಾಂಪಲ್‌ನಲ್ಲಿ ಜಂತು ಕಡಿಮೆ ಇರೋದರಿಂದ ನೆಗೆಟಿವ್ ಬಂದರೂ ದ್ರವ ಕಲ್ಚರ್ ಆರು ವಾರ ಇಡಬೇಕು.

ಹಸು, ಎಮ್ಮೆ, ಕುರಿ ಜೊತೆ ಕೆಲಸ ಮಾಡೋರು, ಅವುಗಳ ಹೆರಿಗೆ ಮಾಡಿಸೋರು, ಹಸಿ ಹಾಲು ಕುಡಿಯೋರು ಅಂದರೆ ಬ್ರುಸೆಲ್ಲಾ ಕೂಡ ಪಟ್ಟಿಯಲ್ಲಿ ಇರಲಿ. ನಮ್ಮ ಹಳ್ಳಿಗಳಲ್ಲಿ ಇದನ್ನ ಕೇಳದೆ ಬಿಡೋದು ಸರಿಯಲ್ಲ. ಅದೂ ಸೊಂಟ, ಸೇಕ್ರೋಇಲಿಯಾಕ್, ಸಂಜೆ ಜ್ವರ ಅಂತಲೇ ಬರುತ್ತೆ. ರೋಸ್ ಬೆಂಗಾಲ್, ಅಗ್ಲುಟಿನೇಷನ್ ಟೈಟರ್ ಕಳಿಸಿ, 1:160 ಮತ್ತು ಮೇಲೆ ಬಂದರೆ ಗಂಭೀರವಾಗಿ ತಗೊಳ್ಳಿ. ಕಲ್ಚರ್ ಕಳಿಸೋವಾಗ ಬ್ರುಸೆಲ್ಲಾ ಅನುಮಾನ ಅಂತ ಬರೆಯಿರಿ, ಬೆಂಚ್‌ನವರಿಗೆ ತಗಲೋ ಜಂತು ಅದು.

ಇನ್ನೊಂದು ಬಲೆ ಇದೆ. "ಬಹುಶಃ ಕ್ಷಯ" ನೋಡಿ ನಾಲ್ಕು ಔಷಧಿಯ ಚಿಕಿತ್ಸೆ ಶುರು ಮಾಡಿದರು ಅನ್ನಿ. ಅದರಲ್ಲಿ ಪಿರಾಜಿನಮೈಡ್ ಕಿಡ್ನಿಯಲ್ಲಿ ಯೂರಿಕ್ ಆಸಿಡ್ ಹೊರಹೋಗೋದನ್ನ ತಡೆಯುತ್ತೆ, ಎಥಾಂಬುಟಾಲ್ ಕೂಡ ಸ್ವಲ್ಪ ಹಾಗೇ. ಇರೋದು ಗೌಟ್ ಆಗಿದ್ದರೆ ನೋವು ಕೆರಳುತ್ತೆ, ಯೂರಿಕ್ ಆಸಿಡ್ 10–12ಕ್ಕೆ ಹೋಗಬಹುದು. ಆಗ "ಔಷಧಿಗೆ ಬಗ್ಗದ ಕ್ಷಯ" ಅಂತ ಇನ್ನಷ್ಟು ಮಾತ್ರೆ ಸೇರಿಸೋ ಅಪಾಯ. ಉಲ್ಟಾನೂ ಇದೆ: ಪಿರಾಜಿನಮೈಡ್ ಶುರುವಾದ ಮೇಲೆ ನೋಡಿದ ಯೂರಿಕ್ ಆಸಿಡ್ ಹಿಡಿದು ಬೆನ್ನಿನಲ್ಲಿರೋದು ಗೌಟ್ ಅಂತ ಹೇಳೋಕೂ ಬರಲ್ಲ. ಚಿಕಿತ್ಸೆ ಶುರುವಾಗೋಕೆ ಮುಂಚಿನ ಅಂಕಿ ಫೈಲ್‌ನಲ್ಲಿ ಇರಲಿ.

ಸೊಂಟನೋವು_ತುಮಕೂರು
ನಾನು ಡಾಕ್ಟರ್ ಅಲ್ಲ, ಕ್ಷಮಿಸಿ. ಯೂರಿಕ್ ಆಸಿಡ್ 8 ಇದ್ದು ಸೊಂಟನೋವು ಇದ್ದವರೆಲ್ಲ ಈ ಡ್ಯುಯಲ್ ಸ್ಕ್ಯಾನ್ ಮಾಡಿಸ್ಬೇಕಾ?

ಕೀಲುರೋಗ_ತಜ್ಞೆ
ಬೇಡ. ಯೂರಿಕ್ ಆಸಿಡ್ ಏರಿದ ಬಹುಪಾಲು ಜನರಿಗೆ ಗೌಟ್ ಯಾವತ್ತೂ ಬರಲ್ಲ, ಸೊಂಟನೋವಿನ ಬಹುಪಾಲು ಸ್ನಾಯು, ಡಿಸ್ಕ್, ಸವೆತದ್ದು. ಎರಡೂ ಒಬ್ಬರಲ್ಲೇ ಇದ್ದ ಮಾತ್ರಕ್ಕೆ ಒಂದಕ್ಕೊಂದು ಸಂಬಂಧ ಅಂತಲ್ಲ. ಗೌಟ್ ಈಗಾಗಲೇ ಗೊತ್ತಿದ್ದು ಗಂಟುಗಳಿದ್ದು, ಬೆನ್ನುನೋವಿನ ಜೊತೆ ಜ್ವರವೋ ಕಾಲಿನ ಸೆಳೆತ, ಮರಗಟ್ಟುವಿಕೆಯೋ ಬಂದರೆ, ಅಥವಾ ಸ್ಕ್ಯಾನ್‌ನಲ್ಲಿ ಫ್ಯಾಸೆಟ್ ಕೊರೆತ ಕಂಡರೆ ಆಗ ಕೇಳಿ. ಮೂತ್ರ ಕಟ್ಟಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆ.

ಪಿಜಿ_ಮೆಡಿಸಿನ್
ಕೊನೇ ಪ್ರಶ್ನೆ ಮೇಡಂ. ಸೂಜಿಗೆ ರೋಗಿ ಒಪ್ಪಲಿಲ್ಲ ಅಂದರೆ ಗೌಟ್ ನೋವಿನ ಮಾತ್ರೆ ಕಾಲ್ಚಿಸಿನ್ ಕೊಟ್ಟು ನೋಡಿ, ನೋವು ಇಳಿದರೆ ಗೌಟ್ ಅಂತ ಹೇಳಬಹುದಾ?

ಕೀಲುರೋಗ_ತಜ್ಞೆ
ಹೇಳೋಕಾಗಲ್ಲ. ಪೈರೋಫಾಸ್ಫೇಟ್ ಕೂಡ ಕಾಲ್ಚಿಸಿನ್‌ಗೆ ಇಳಿಯುತ್ತದೆ, ಗೌಟ್ ತಾನಾಗಿಯೂ ಇಳಿಯುತ್ತದೆ. ಸ್ಟೀರಾಯ್ಡ್ ಕೊಟ್ಟು ನೋಡೋದಂತೂ ಬೇಡವೇ ಬೇಡ, ಅದಕ್ಕೆ ಎಲ್ಲವೂ ಕೆಲವು ದಿನ ಹಿತವಾಗಿರುತ್ತವೆ, ಒಳಗೆ ಕ್ಷಯ ಹರಡುತ್ತಿರುತ್ತದೆ. ಕ್ರಿಯಾಟಿನಿನ್ 1.9 ಇರೋವಾಗ ಕಾಲ್ಚಿಸಿನ್ ಡೋಸ್ ಕೂಡ ತಗ್ಗಿಸಬೇಕು; ಜ್ವರಕ್ಕೆ ಅಂತ ಯಾರಾದರೂ ಕ್ಲಾರಿಥ್ರೋಮೈಸಿನ್ ಬರೆದಿದ್ದರೆ ಕಾಲ್ಚಿಸಿನ್ ಕೊಡಲೇಬೇಡಿ.

ಬೆನ್ನಿಗೆ ಒಪ್ಪದವರು ಪಾದಕ್ಕೆ ಒಪ್ತಾರೆ. ಮೊಣಕೈ ಗಂಟಿಗೋ ಹೆಬ್ಬೆರಳ ಕೀಲಿಗೋ ಸಣ್ಣ ಸೂಜಿ ಹಾಕಿ ಹರಳು ತೋರಿಸಿ. ಕೀಲು ಈಗ ಊದಿರದಿದ್ದರೂ ಸಿಗಬಹುದು. ಅದು ಸಿಕ್ಕರೆ ರಕ್ತದ ಕಲ್ಚರ್, ಬ್ರುಸೆಲ್ಲಾ ಟೈಟರ್, ಸೋಂಕಿನ ಸುಳಿವಿಗೆ ಪ್ರೋಕ್ಯಾಲ್ಸಿಟೋನಿನ್ ಎಲ್ಲಾ ನೋಡಿಕೊಂಡು, ವಾರಕ್ಕೊಮ್ಮೆ ಕಾಲಿನ ಬಲ ಪರೀಕ್ಷಿಸುತ್ತಾ ಗೌಟ್ ಅಂತ ಚಿಕಿತ್ಸೆ ಶುರು ಮಾಡಬಹುದು. ಯೂರಿಕ್ ಆಸಿಡ್ 5ರ ಕೆಳಗೆ ಇಳಿಸಿ, ಅಲ್ಲೇ ಹಿಡಿದು, ಆರು ತಿಂಗಳಿಂದ ವರ್ಷದೊಳಗೆ ಅದೇ ಸಿ.ಟಿ. ಮತ್ತೆ ಮಾಡಿಸಿ. ಅಂಕಿ 5ರೊಳಗೆ ಇದ್ದೂ ಗಂಟು ಬೆಳೆದಿದ್ದರೆ ಅದು ಗೌಟ್ ಅಲ್ಲ ಅಂತಲೇ ಇಟ್ಟುಕೊಂಡು ಸೂಜಿಯ ಮಾತನ್ನ ಮತ್ತೆ ಎತ್ತಿ. ಜ್ವರ ಎರಡನೇ ವಾರಕ್ಕೂ ನಿಲ್ಲದಿದ್ದರೆ ಅಷ್ಟು ದಿನವೂ ಕಾಯೋದು ಬೇಡ.